ಮುಂದಕ್ಕೆ ಹಾಕುವ ಮುನ್ನ: ‘ಪುಟ್ ಆಫ್’ ಮತ್ತು ಅದರ ಒಡನಾಡಿಗಳು

ಬುಧವಾರದ ಮೀಟಿಂಗ್ ಎರಡು ದಿನ ಮುಂದಕ್ಕೆ ಹೋಗಿದೆ ಎಂದು ಕನ್ನಡದಲ್ಲಿ ಹೇಳಿ ನೋಡಿ. ಯಾರಿಗೂ ಅನುಮಾನ ಬರುವುದಿಲ್ಲ, ಎಲ್ಲರೂ ಶುಕ್ರವಾರ ಬರುತ್ತಾರೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಮೂವ್ಡ್ ಫಾರ್ವರ್ಡ್ ಬೈ ಟೂ ಡೇಸ್’ ಎಂದು ಮೇಲ್ ಕಳಿಸಿದರೆ ಕೆಲವರು ಸೋಮವಾರವೇ ಬಂದು ಕೂತಿರುತ್ತಾರೆ. ಇದು ನಮ್ಮವರ ಇಂಗ್ಲಿಷಿನ ಕೊರತೆಯಲ್ಲ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕರ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇಂಗ್ಲಿಷ್ ಮಾತಾಡುವವರ ಮುಂದೆಯೇ ಈ ಬುಧವಾರದ ಪ್ರಶ್ನೆ ಇಟ್ಟು, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಉತ್ತರ ಎರಡು ಪಾಲಾಗಿತ್ತು. ಕೆಲವರು ಸೋಮವಾರ ಎಂದರೆ ಕೆಲವರು ಶುಕ್ರವಾರ ಎಂದರು. ವಿಮಾನ ನಿಲ್ದಾಣದಲ್ಲಿ ಕೇಳಿದಾಗ, ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತಿದ್ದವರಿಗಿಂತ ಆಗತಾನೆ ಪ್ರಯಾಣ ಮುಗಿಸಿ ಇಳಿದವರು ಶುಕ್ರವಾರ ಎಂದದ್ದು ಹೆಚ್ಚು. ಹುಟ್ಟಿನಿಂದ ಆ ಭಾಷೆ ಆಡುವವರಲ್ಲೇ ಒಮ್ಮತವಿಲ್ಲದ ಮಾತನ್ನು ನಾವು ಕಚೇರಿಯ ಇಮೇಲಿನಲ್ಲಿ ಬಳಸದಿರುವುದೇ ಕ್ಷೇಮ.

ಕನ್ನಡಿಗರಿಗೆ ಇಲ್ಲಿ ಇನ್ನೂ ಒಂದು ತೊಡಕಿದೆ. ‘ಮುಂದೂಡು’, ‘ಮುಂದಕ್ಕೆ ಹಾಕು’ ಎಂಬ ನಮ್ಮ ಮಾತುಗಳಲ್ಲಿ ಮುಂದೆ ಎಂದರೆ ಬರಲಿರುವ ಕಾಲ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ಇದಕ್ಕೆ ಸರಿಯಾಗಿ ತದ್ವಿರುದ್ಧ. ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುವುದು ಅದರ ಅರ್ಥ. ‘ಪುಶ್ ಬ್ಯಾಕ್’ ಅನ್ನು ಪದಶಃ ಕೇಳಿದರೆ ಹಿಂದಕ್ಕೆ ತಳ್ಳು ಎನ್ನಿಸುತ್ತದೆ, ಆದರೆ ಅದೇ ನಮ್ಮ ಮುಂದೂಡುವುದು. ಫಾರ್ವರ್ಡ್, ಬ್ಯಾಕ್ ಎರಡನ್ನೂ ಬಿಟ್ಟು ‘ಪೋಸ್ಟ್‌ಪೋನ್ಡ್ ಫ್ರಮ್ ವೆಡ್ನೆಸ್‌ಡೇ ಟು ಫ್ರೈಡೇ’ ಎಂದು ಎರಡೂ ದಿನಗಳ ಹೆಸರು ಬರೆದುಬಿಡಿ. ತಾರೀಕನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಮುಂದೂಡುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತು ಒಂದೆರಡಲ್ಲ. ಪುಟ್ ಆಫ್, ಪೋಸ್ಟ್‌ಪೋನ್, ಡಿಲೇ, ಡಿಫರ್, ಅಡ್ಜರ್ನ್, ಸಸ್ಪೆಂಡ್, ಶೆಲ್ವ್ ಎಲ್ಲವನ್ನೂ ನಿಘಂಟು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಆ ಸಾಲನ್ನು ನಂಬಿ ಒಂದರ ಬದಲು ಇನ್ನೊಂದನ್ನು ಹಾಕಿದರೆ ವ್ಯಾಕರಣ ಸರಿಯಿದ್ದರೂ ಸುದ್ದಿ ತಪ್ಪಾಗುತ್ತದೆ. ಪದ ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಕೆಲಸ ಆಗಲೇ ಶುರುವಾಗಿತ್ತೇ? ನಿಲ್ಲಿಸಿದ್ದು ಯಾರೋ ತೀರ್ಮಾನಿಸಿದ್ದರಿಂದಲೋ, ತಾನಾಗಿ ಆದದ್ದೋ? ಮತ್ತೆ ಯಾವಾಗ ಎಂಬುದು ಗೊತ್ತಿದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಪದವೂ ಬಹುಮಟ್ಟಿಗೆ ಸಿಕ್ಕಂತೆಯೇ.

ಮನಸ್ಸಿಲ್ಲದ ಮುಂದೂಡಿಕೆ

‘ಪುಟ್ ಆಫ್’ ಮನೆಮಾತಿನ ಪದ. ಅದರಲ್ಲಿ ಒಬ್ಬ ವ್ಯಕ್ತಿ ಇರುತ್ತಾನೆ, ಅವನ ಇಷ್ಟಾನಿಷ್ಟವೂ ಇರುತ್ತದೆ. ಹಲ್ಲು ನೋಯುತ್ತಿದ್ದರೂ ‘ಮುಂದಿನ ವಾರ ನೋಡೋಣ’ ಎಂದು ದಂತವೈದ್ಯರ ಭೇಟಿಯನ್ನು ತಳ್ಳುತ್ತಾ ಹೋಗುವವನಿಗೆ ಹೇಳಿ ಮಾಡಿಸಿದ ಮಾತು ಅದು: ‘ಹಿ ಕೀಪ್ಸ್ ಪುಟಿಂಗ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್’. ಇಲ್ಲಿ ಪೋಸ್ಟ್‌ಪೋನ್ ಹಾಕಿದರೆ ವಾಕ್ಯ ಕೆಡುವುದಿಲ್ಲ. ಆದರೆ ಅವನು ಡೈರಿ ನೋಡಿ ಬೇರೆ ದಿನ ಗೊತ್ತುಮಾಡಿಕೊಂಡ ಹಾಗೆ ಕೇಳುತ್ತದೆ, ಹಿಂಜರಿಕೆ ಕಾಣೆಯಾಗುತ್ತದೆ. ‘ಪೋಸ್ಟ್‌ಪೋನ್’ ಲ್ಯಾಟಿನ್ನಿನಿಂದ ಬಂದದ್ದು. ನಂತರ ಎಂಬರ್ಥದ ಪೋಸ್ಟ್, ಇಡು ಎಂಬರ್ಥದ ಪೊನೆರೆ ಸೇರಿ ಆದ ಮಾತು. ಅದರಲ್ಲಿ ಭಾವವಿಲ್ಲ, ವ್ಯವಸ್ಥೆಯಿದೆ. ಹಾಗಾಗಿ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಪರೀಕ್ಷೆ ಪೋಸ್ಟ್‌ಪೋನ್ ಆಗುತ್ತದೆ. ಅದನ್ನೇ ಹಾಸ್ಟೆಲಿನಲ್ಲಿ ಹುಡುಗರು ಒಬ್ಬರಿಗೊಬ್ಬರು ಹೇಳುವಾಗ ಪುಟ್ ಆಫ್ ಎಂದರೆ ತಪ್ಪಿಲ್ಲ.

ಇದರಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ. ಗ್ರಾಹಕರಿಗೋ ಮೇಲಧಿಕಾರಿಗೋ ಪತ್ರ ಬರೆಯುವಾಗ ‘ಯೂ ಹ್ಯಾವ್ ಪುಟ್ ಆಫ್ ದ ಪೇಮೆಂಟ್’ ಎಂದರೆ ನೀವು ಬೇಕೆಂದೇ ತಳ್ಳುತ್ತಿದ್ದೀರಿ ಎಂದು ದೂರಿದಂತಾಗುತ್ತದೆ. ದೂರುವುದೇ ಉದ್ದೇಶವಾದರೆ ಸರಿ. ಇಲ್ಲದಿದ್ದರೆ ‘ದ ಪೇಮೆಂಟ್ ಹ್ಯಾಸ್ ಬೀನ್ ಡಿಲೇಯ್ಡ್’ ಸಾಕು. ಅದು ಯಾರನ್ನೂ ಬೊಟ್ಟುಮಾಡಿ ತೋರಿಸುವುದಿಲ್ಲ.

ವ್ಯಾಕರಣದಲ್ಲಿ ನೆನಪಿಡಬೇಕಾದ್ದು ಎರಡೇ. ಒಂದು, ಪುಟ್ ಆಫ್, ಪೋಸ್ಟ್‌ಪೋನ್, ಡಿಲೇ ಈ ಮೂರರ ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಬಾಲ ಬೇಕು. ‘ಪುಟ್ ಆಫ್ ಟು ಗೋ’ ತಪ್ಪು, ‘ಪುಟ್ ಆಫ್ ಗೋಯಿಂಗ್’ ಸರಿ. ಎರಡು, ಇಟ್, ದೆಮ್, ಹಿಮ್ ಮುಂತಾದ ಸರ್ವನಾಮಗಳು ನಡುವೆ ಕೂರಬೇಕು. ‘ಪುಟ್ ಇಟ್ ಆಫ್’ ಎನ್ನಬೇಕು, ‘ಪುಟ್ ಆಫ್ ಇಟ್’ ಎನ್ನುವಂತಿಲ್ಲ. ನಾಮಪದವಾದರೆ ಎರಡು ಕಡೆಯೂ ಸಲ್ಲುತ್ತದೆ: ‘ಪುಟ್ ದ ವೆಡ್ಡಿಂಗ್ ಆಫ್’, ‘ಪುಟ್ ಆಫ್ ದ ವೆಡ್ಡಿಂಗ್’.

ತಳ್ಳುವುದೇ ಚಾಳಿಯಾದರೆ ‘ಪ್ರೊಕ್ರಾಸ್ಟಿನೇಟ್’. ಲ್ಯಾಟಿನ್ನಿನಲ್ಲಿ ಕ್ರಾಸ್ ಎಂದರೆ ನಾಳೆ. ಆ ನಾಳೆ ಈ ಪದದ ಹೊಟ್ಟೆಯಲ್ಲೇ ಕೂತಿದೆ. ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಕರ್ಮಪದ ಬೇಡ. ‘ಹಿ ಈಸ್ ಪ್ರೊಕ್ರಾಸ್ಟಿನೇಟಿಂಗ್’ ಎಂದರೆ ಮುಗಿಯಿತು. ಮೀಟಿಂಗನ್ನು ಯಾರೂ ಪ್ರೊಕ್ರಾಸ್ಟಿನೇಟ್ ಮಾಡುವುದಿಲ್ಲ.

ಒಂದೇ ಟೂರ್ನಿಯಲ್ಲಿ ನಾಲ್ಕು ಪದ

ಈ ಪದಗಳ ವ್ಯತ್ಯಾಸ ಒಂದೇ ಕಡೆ ಕಾಣಬೇಕೆಂದರೆ 2025ರ ಐಪಿಎಲ್ ನೆನಪಿಸಿಕೊಳ್ಳಿ. ಮೇ 8ರಂದು ಧರ್ಮಶಾಲಾದಲ್ಲಿ ಪಂಜಾಬ್ ಮತ್ತು ಡೆಲ್ಲಿ ತಂಡಗಳ ಪಂದ್ಯ ಹನ್ನೊಂದನೇ ಓವರಿನಲ್ಲಿ ನಿಂತುಹೋಯಿತು. ಆಡುತ್ತಿದ್ದದ್ದನ್ನು ಅರ್ಧದಲ್ಲಿ ಕೈಬಿಟ್ಟರು, ಆದ್ದರಿಂದ ಅದು ‘ಅಬ್ಯಾಂಡನ್ಡ್’. ಮರುದಿನ ಬಿಸಿಸಿಐ ಇಡೀ ಟೂರ್ನಿಯನ್ನು ಒಂದು ವಾರ ನಿಲ್ಲಿಸಿತು. ಟೂರ್ನಿ ಅದಾಗಲೇ ನಡೆಯುತ್ತಿತ್ತು, ಹಾಗಾಗಿ ಪೋಸ್ಟ್‌ಪೋನ್ ಎನ್ನುವಂತಿಲ್ಲ. ಅದು ‘ಸಸ್ಪೆಂಡೆಡ್’. ಮೇ 17ಕ್ಕೆ ಮತ್ತೆ ಶುರುವಾಯಿತು, ಅದು ‘ರೆಸ್ಯೂಮ್ಡ್’. ಅಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಮತ್ತು ಕೋಲ್ಕತ್ತ ಆಡಬೇಕಿತ್ತು. ಮಳೆ ಒಂದು ಚೆಂಡನ್ನೂ ಎಸೆಯಗೊಡಲಿಲ್ಲ, ಎರಡೂ ತಂಡ ಒಂದೊಂದು ಅಂಕ ಹಂಚಿಕೊಂಡವು. ಅದಕ್ಕೂ ‘ಅಬ್ಯಾಂಡನ್ಡ್’ ಎಂದೇ ದಾಖಲೆ. ಇನ್ನು ಮೇ 25ಕ್ಕೆ ಗೊತ್ತಾಗಿದ್ದ ಫೈನಲ್ ಜೂನ್ 3ಕ್ಕೆ ಹೋಯಿತು. ಅದು ಶುರುವೇ ಆಗಿರಲಿಲ್ಲ, ಹೊಸ ತಾರೀಕೂ ಸಿಕ್ಕಿತು. ಆರ್‌ಸಿಬಿ ಕಪ್ ಎತ್ತಿದ ಆ ಪಂದ್ಯ ನಿಜವಾಗಿ ‘ಪೋಸ್ಟ್‌ಪೋನ್ಡ್’.

‘ಕಾಲ್ ಆಫ್’ ಮತ್ತು ‘ಕ್ಯಾನ್ಸಲ್’ ಮುಂದೂಡುವ ಮಾತುಗಳೇ ಅಲ್ಲ, ಅವು ರದ್ದು. ಕೋವಿಡ್ ವರ್ಷವಾದ 2020ರಲ್ಲಿ ಟೋಕಿಯೊ ಒಲಿಂಪಿಕ್ಸ್ ಪೋಸ್ಟ್‌ಪೋನ್ ಆಯಿತು, 2021ರ ಜುಲೈನಲ್ಲಿ ಹಳೆಯ ಹೆಸರಿನಲ್ಲೇ ನಡೆಯಿತು. ವಿಂಬಲ್ಡನ್ ಕ್ಯಾನ್ಸಲ್ ಆಯಿತು, ಆ ವರ್ಷದ ಟೂರ್ನಿ ಇಲ್ಲವೇ ಇಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿನಿಂದ ಜೂನ್ 25ಕ್ಕೆ ಪೋಸ್ಟ್‌ಪೋನ್ ಆಯಿತೇ ಹೊರತು ಕ್ಯಾನ್ಸಲ್ ಆಗಲಿಲ್ಲ. ಮಾರ್ಚಿನಲ್ಲಿ ಪುಸ್ತಕ ಮುಚ್ಚಿಡುವುದೋ ಬೇಡವೋ ಎಂದು ಕಾದಿದ್ದ ಮಕ್ಕಳಿಗೆ ಈ ಎರಡು ಪದಗಳ ನಡುವಿನ ಅಂತರ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೋರ್ಟು, ಸದನ, ಬ್ಯಾಂಕು

ಪದ ತಪ್ಪಿದರೆ ಹಣಕ್ಕೋ ಹಕ್ಕಿಗೋ ಪೆಟ್ಟು ಬೀಳುವ ಜಾಗಗಳಿವು, ಸ್ವಲ್ಪ ನಿಂತು ನೋಡೋಣ.

ಕೋರ್ಟಿನಲ್ಲಿ ವಾಯಿದೆ ಬಿದ್ದರೆ ಅದು ‘ಅಡ್ಜರ್ನ್‌ಮೆಂಟ್’. ಹಳೆಯ ಫ್ರೆಂಚಿನಲ್ಲಿ ಜೋರ್ನ್ ಎಂದರೆ ದಿನ. ಮತ್ತೊಂದು ದಿನಕ್ಕೆ ಇಡುವುದು ಎಂಬ ಅರ್ಥ ಪದದಲ್ಲೇ ಇದೆ. ಪೀಠ ಕೂತಿದೆ, ಕೇಸು ಕೂಗಿದ್ದಾರೆ, ಕಲಾಪ ನಡೆಯುತ್ತಿದೆ, ಉಳಿದದ್ದು ಇನ್ನೊಂದು ದಿನ. ಆದ್ದರಿಂದ ಅಡ್ಜರ್ನ್ ಆಗುವುದು ಕೋರ್ಟು, ಸಭೆ, ಸದನ, ವಿಚಾರಣೆ ಇಂಥವು ಮಾತ್ರ. ಮದುವೆ ಅಡ್ಜರ್ನ್ ಆಗುವುದಿಲ್ಲ, ಪ್ರವಾಸವೂ ಆಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು. ವಕೀಲರು ಕೊಟ್ಟ ಇಂಗ್ಲಿಷ್ ದಾಖಲೆ ಓದುವಾಗ ‘ಅಡ್ಜರ್ನ್ಡ್’ ಮತ್ತು ‘ಸ್ಟೇಯ್ಡ್’ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿ. ಮೊದಲನೆಯದಕ್ಕೆ ಮುಂದಿನ ತಾರೀಕು ಇರುತ್ತದೆ. ಎರಡನೆಯದು ತಡೆಯಾಜ್ಞೆ. ಅದು ತೆರವಾಗುವ ತನಕ ಆ ವಿಷಯದಲ್ಲಿ ಹೆಜ್ಜೆ ಇಡುವಂತಿಲ್ಲ.

ವಿಧಾನಸಭೆಯ ವರದಿಗಳಲ್ಲಿ ಮೂರು ಹಂತ ಕಾಣುತ್ತವೆ. ಗದ್ದಲವಾದಾಗ ಸಭಾಧ್ಯಕ್ಷರು ಸದನವನ್ನು ಹತ್ತು ನಿಮಿಷಕ್ಕೋ ಮರುದಿನಕ್ಕೋ ಅಡ್ಜರ್ನ್ ಮಾಡುತ್ತಾರೆ. ಅಧಿವೇಶನದ ಕೊನೆಯ ದಿನ ‘ಸೈನೆ ಡೈ’ ಅಡ್ಜರ್ನ್ ಮಾಡುತ್ತಾರೆ. ಅದು ದಿನ ಗೊತ್ತುಮಾಡದ ಮುಂದೂಡಿಕೆ, ಕನ್ನಡ ಪತ್ರಿಕೆಗಳ ‘ಅನಿರ್ದಿಷ್ಟಾವಧಿಗೆ’. ಇವೆರಡೂ ಸಭಾಧ್ಯಕ್ಷರ ಕೆಲಸ. ಮೂರನೆಯದಾದ ‘ಪ್ರೊರೋಗ್’ ಎಂದರೆ ಅಧಿವೇಶನವನ್ನೇ ಮುಗಿಸುವುದು. ಸಂವಿಧಾನದ 174ನೇ ವಿಧಿಯ ಪ್ರಕಾರ ಅದು ರಾಜ್ಯಪಾಲರ ಅಧಿಕಾರ. ನಮ್ಮವರು ‘ನಿಲುವಳಿ ಸೂಚನೆ’ ಎನ್ನುವುದು ಇಂಗ್ಲಿಷಿನ ‘ಅಡ್ಜರ್ನ್‌ಮೆಂಟ್ ಮೋಷನ್’. ಕಾರ್ಯಸೂಚಿಯಲ್ಲಿ ಇರುವುದನ್ನು ಬದಿಗಿಟ್ಟು ತುರ್ತು ವಿಷಯ ಎತ್ತಿಕೊಳ್ಳಿ ಎಂಬ ಬೇಡಿಕೆ ಅದು. ಅನುವಾದಿಸುವಾಗ ‘ಮುಂದೂಡಿಕೆ ಗೊತ್ತುವಳಿ’ ಎಂದು ಹೊಸದಾಗಿ ಕಟ್ಟುವ ಅಗತ್ಯವಿಲ್ಲ, ಇರುವ ಕನ್ನಡ ಮಾತೇ ಚೆನ್ನಾಗಿದೆ.

‘ಡಿಫರ್’ ಹಣ ಮತ್ತು ಹೊಣೆಯ ಪದ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಮೊರಟೋರಿಯಂ ಪ್ರಕಟಿಸಿತು, ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತು ‘ಡಿಫರ್’ ಆಗಿದೆ ಎಂಬುದನ್ನು ಬಹಳ ಮಂದಿ ಮನ್ನಾ ಎಂದು ತಿಳಿದು ನೆಮ್ಮದಿಯಾದರು. ಕಂತು ಕಟ್ಟುವುದು ಮುಂದೆ ಹೋಗಿತ್ತು, ಬಡ್ಡಿ ಓಡುತ್ತಲೇ ಇತ್ತು. ಮನ್ನಾ ಆಗಿದ್ದರೆ ಪತ್ರದಲ್ಲಿ ‘ವೇವ್ಡ್’ ಎಂದು ಇರಬೇಕಿತ್ತು. ಬ್ಯಾಂಕಿನ ಪತ್ರದಲ್ಲಿ ಡಿಫರ್ಡ್ ಎಂದು ಕಂಡಕೂಡಲೇ ‘ಈ ಅವಧಿಯ ಬಡ್ಡಿ ಏನಾಗುತ್ತದೆ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿಗೂ ಇದೇ ಪದ ಎದುರಾಗುತ್ತದೆ, ಎರಡು ಮುಖದಲ್ಲಿ. ಅಮೆರಿಕದ ಕಾಲೇಜು ಮೊದಲ ಸುತ್ತಿನಲ್ಲಿ ‘ಡಿಫರ್ಡ್’ ಎಂದರೆ ಸೀಟು ಇನ್ನೂ ಸಿಕ್ಕಿಲ್ಲ, ಅರ್ಜಿಯನ್ನು ಸಾಮಾನ್ಯ ಸುತ್ತಿನಲ್ಲಿ ಮತ್ತೆ ನೋಡುತ್ತೇವೆ ಎಂದು. ಬ್ರಿಟನ್ನಿನಲ್ಲಿ ‘ಡಿಫರ್ಡ್ ಎಂಟ್ರಿ’ ಎಂದರೆ ಓದು ಮುಂದಿನ ವರ್ಷದಿಂದ ಶುರು. ಮೊದಲನೆಯದು ಇನ್ನೂ ಕಾಯುವ ಸ್ಥಿತಿ. ಇನ್ನೊಂದು ಸಾಮಾನ್ಯವಾಗಿ ವಿದ್ಯಾರ್ಥಿ ತಾನೇ ಕೇಳಿ ಮಾಡಿಕೊಳ್ಳುವ ಏರ್ಪಾಡು. ಇದರ ಜೊತೆಗೆ ‘ಡಿಫರ್ ಟು’ ಎಂಬ ಬೇರೆಯದೇ ಬಳಕೆಯಿದೆ. ‘ಐ ಡಿಫರ್ ಟು ಯುವರ್ ಜಡ್ಜ್‌ಮೆಂಟ್’ ಎಂದರೆ ನಿಮ್ಮ ಮಾತಿಗೆ ತಲೆಬಾಗುತ್ತೇನೆ ಎಂದು. ಅದಕ್ಕೂ ಮುಂದೂಡುವುದಕ್ಕೂ ಸಂಬಂಧವಿಲ್ಲ.

‘ಡಿಲೇ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ತಡ ಅಷ್ಟೆ. ಹೆಚ್ಚಾಗಿ ಯಾರೂ ಬಯಸದೆ ಆಗುವಂಥದ್ದು. ಕ್ರಾಸಿಂಗಿಗೆ ನಿಂತ ರೈಲು ‘ಡಿಲೇಯ್ಡ್’. ಹೊರಡುವ ನಿಲ್ದಾಣದಲ್ಲೇ ಹೊರಡುವ ಹೊತ್ತನ್ನು ಬದಲಿಸಿದರೆ ‘ರೀಷೆಡ್ಯೂಲ್ಡ್’.

ನೆನೆಗುದಿಗೆ ಬಿದ್ದದ್ದು

ಮುಂದೂಡಿದ್ದೇವೆ ಎನ್ನುತ್ತಲೇ ಮರೆತುಬಿಡುವುದಕ್ಕೆ ಕನ್ನಡದಲ್ಲಿ ‘ನೆನೆಗುದಿಗೆ ಬಿತ್ತು’ ಎಂಬ ಸೊಗಸಾದ ಮಾತಿದೆ. ಇಂಗ್ಲಿಷಿನಲ್ಲಿ ‘ಶೆಲ್ವ್ಡ್’, ಅಂದರೆ ಕಪಾಟಿನ ಹಲಗೆ ಸೇರಿತು. ಭಾರತದ ಪತ್ರಿಕೆಗಳು ‘ಕೋಲ್ಡ್ ಸ್ಟೋರೇಜ್’ ಎಂದೂ ಬರೆಯುತ್ತವೆ. ಯೋಜನೆಯೊಂದು ಪೋಸ್ಟ್‌ಪೋನ್ ಆಗಿದೆ ಎಂದು ಅಧಿಕಾರಿ ಹೇಳಿದರೂ ಹೊಸ ತಾರೀಕು ಕೊಡದಿದ್ದರೆ, ವರದಿಗಾರರು ಅವರ ಮಾತನ್ನು ಅವರ ಹೆಸರಿನಲ್ಲೇ ಉಲ್ಲೇಖಿಸಿ, ಹೊಸ ತಾರೀಕು ಕೊಟ್ಟಿಲ್ಲ ಎಂದು ಪಕ್ಕದಲ್ಲೇ ಬರೆಯುವುದು ಓದುಗರಿಗೆ ಮಾಡುವ ಉಪಕಾರ.

ಬೆಂಗಳೂರಿನಲ್ಲಿ ಕೂತು ಅಮೆರಿಕದವರೊಂದಿಗೆ ದಿನವೂ ಕರೆಯಲ್ಲಿರುವವರು ‘ಟೇಬಲ್’ ಎಂಬ ಕ್ರಿಯಾಪದದ ಬಗ್ಗೆ ಹುಷಾರಾಗಿರಬೇಕು. ಬ್ರಿಟನ್ನಿನಲ್ಲಿ, ನಮ್ಮ ಸದನಗಳಲ್ಲಿ, ವರದಿ ಟೇಬಲ್ ಮಾಡಿದರು ಎಂದರೆ ಮಂಡಿಸಿದರು. ಅಮೆರಿಕದಲ್ಲಿ ‘ಲೆಟ್ಸ್ ಟೇಬಲ್ ಇಟ್’ ಎಂದರೆ ಇದನ್ನು ಸದ್ಯಕ್ಕೆ ಬದಿಗಿಡೋಣ. ಎರಡನೇ ಮಹಾಯುದ್ಧದ ಕುರಿತ ತಮ್ಮ ಗ್ರಂಥದಲ್ಲಿ ವಿನ್‌ಸ್ಟನ್ ಚರ್ಚಿಲ್ ಇಂಥ ಒಂದು ಪ್ರಸಂಗ ದಾಖಲಿಸಿದ್ದಾರೆ. ಬ್ರಿಟಿಷ್ ಸೇನಾಧಿಕಾರಿಗಳು ಒಂದು ತುರ್ತು ಪತ್ರವನ್ನು ಟೇಬಲ್ ಮಾಡಬೇಕೆಂದರು, ಅಮೆರಿಕದವರು ಕೂಡದು ಎಂದರು. ಬಹಳ ಹೊತ್ತು ಬಿಸಿಬಿಸಿ ವಾದ ನಡೆದ ಮೇಲೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ಗೊತ್ತಾಯಿತು. ನಿಮ್ಮ ಕರೆಯಲ್ಲಿ ಈ ಪದ ಬಂದರೆ ‘ಈಗ ಚರ್ಚಿಸೋಣವೇ, ಆಮೇಲೆಯೇ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮನುಷ್ಯರನ್ನು ಪುಟ್ ಆಫ್ ಮಾಡುವುದು

ಇಲ್ಲಿಯ ತನಕ ಕೆಲಸಗಳನ್ನು ಮುಂದೂಡಿದ್ದಾಯಿತು. ಪುಟ್ ಆಫ್ ಪಕ್ಕದಲ್ಲಿ ವ್ಯಕ್ತಿ ಬಂದು ನಿಂತರೆ ಅರ್ಥ ಹೊರಳುತ್ತದೆ.

ಬೆಂಗಳೂರಿನ ಹಲವು ಬಡಾವಣೆಗಳಲ್ಲಿ 1990ರ ದಶಕದಲ್ಲಿ ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ದೆವ್ವವನ್ನು ಓಡಿಸಿದ್ದೂ ಇಲ್ಲ, ಒಳಗೆ ಬಿಟ್ಟದ್ದೂ ಇಲ್ಲ. ‘ಪುಟ್ ಸಮ್‌ಒನ್ ಆಫ್’ ಎಂಬುದರ ಮೊದಲ ಅರ್ಥ ಇದೇ, ಇವತ್ತು ನಾಳೆ ಎಂದು ಸಾಗಹಾಕುವುದು. ಸಾಲ ಕೊಟ್ಟವರನ್ನು, ಬಾಡಿಗೆ ಕೇಳಲು ಬಂದವರನ್ನು, ಊಟಕ್ಕೆ ಬರುತ್ತೇವೆಂದ ನೆಂಟರನ್ನು ಹೀಗೆ ಪುಟ್ ಆಫ್ ಮಾಡಬಹುದು. ಇದರ ಪಕ್ಕದ ಪದ ‘ಫಾಬ್ ಆಫ್’. ಅದರಲ್ಲಿ ಸುಳ್ಳು ಸಬೂಬು ಕೊಟ್ಟು ಕಳಿಸಿದ ವಾಸನೆ ಇದೆ. ‘ಸ್ಟಾಲ್’ ಎಂದರೆ ಸಮಯ ಗಿಟ್ಟಿಸಲು ಎಳೆದಾಡುವುದು. ಸರ್ಕಾರಿ ಕಚೇರಿಗೆ ಅಲೆದು ಸುಸ್ತಾದವರು ಇಂಗ್ಲಿಷಿನಲ್ಲಿ ದೂರು ಬರೆಯುವಾಗ ‘ದೆ ಕೀಪ್ ಪುಟಿಂಗ್ ಮಿ ಆಫ್’ ಎಂದರೆ ಸಾಕು, ಸತಾಯಿಸುತ್ತಿದ್ದಾರೆ ಎಂಬುದು ನೇರವಾಗಿ ಮುಟ್ಟುತ್ತದೆ. ಫಾಬ್ ಆಫ್ ಎಂದು ಬರೆದರೆ ಆಪಾದನೆ ಹೆಚ್ಚಾಯಿತು. ಅದಕ್ಕೆ ಕೈಯಲ್ಲಿ ದಾಖಲೆ ಇರಲಿ.

ಎರಡನೇ ಅರ್ಥ, ಮನಸ್ಸು ತಿರುಗಿಸುವುದು. ಬಾಡಿಗೆ ಮನೆ ನೋಡಲು ಹೋದಿರಿ, ಬಾಗಿಲು ತೆಗೆದ ಕೂಡಲೇ ಚರಂಡಿಯ ನಾತ. ಬಾಡಿಗೆ ಕಡಿಮೆ, ಗಾಳಿ ಬೆಳಕು ಚೆನ್ನಾಗಿದೆ, ಆದರೂ ಬೇಡ ಎನ್ನಿಸಿತು: ‘ದ ಸ್ಮೆಲ್ ಪುಟ್ ಮಿ ಆಫ್’. ಇಲ್ಲಿ ಯಾರೂ ನಿಮ್ಮನ್ನು ತಡೆಯಲಿಲ್ಲ, ನಿಮ್ಮ ಒಲವೇ ಇಳಿಯಿತು. ಓನರ್ ಒಳ್ಳೆಯ ಮಾತಿನಲ್ಲಿ ‘ನಿಮಗೆ ಇದು ಸರಿಹೋಗಲಿಕ್ಕಿಲ್ಲ’ ಎಂದು ಮನವೊಲಿಸಿ ಕಳಿಸಿದರೆ ‘ಡಿಸ್ವೇಡ್’. ಮುಂಗಡ ಹಣ ವಾಪಸ್ ಬರಲಿಕ್ಕಿಲ್ಲ ಎಂಬ ಭಯ ನಿಮ್ಮನ್ನು ನಿಲ್ಲಿಸಿದರೆ ‘ಡಿಟರ್’. ‘ಈ ಬಜೆಟ್ಟಿಗೆ ಬೆಂಗಳೂರಲ್ಲಿ ಮನೆ ಸಿಗುತ್ತದೆಯೇ?’ ಎಂದು ಜೊತೆಗೆ ಬಂದವರು ಉತ್ಸಾಹಕ್ಕೆ ತಣ್ಣೀರೆರಚಿದರೆ ‘ಡಿಸ್ಕರೇಜ್’. ಇವುಗಳಲ್ಲಿ ಇಂದ್ರಿಯಕ್ಕೆ ತೀರ ಹತ್ತಿರವಾದದ್ದು ಪುಟ್ ಆಫ್. ಅದರಿಂದ ಹುಟ್ಟಿದ ವಿಶೇಷಣ ‘ಆಫ್‌ಪುಟಿಂಗ್’ ಮನುಷ್ಯರ ನಡವಳಿಕೆಗೂ ಸಲ್ಲುತ್ತದೆ. ಬ್ರಿಟಿಷರಲ್ಲಿ ಏಕಾಗ್ರತೆ ಕೆಡಿಸುವುದಕ್ಕೂ ಪುಟ್ ಆಫ್ ಎನ್ನುತ್ತಾರೆ. ಬೌಲರ್ ಓಡಿಬರುವಾಗ ಸೈಟ್‌ಸ್ಕ್ರೀನ್ ಬಳಿ ಯಾರೋ ನಡೆದುಹೋದದ್ದು ಬ್ಯಾಟರನ್ನು ಪುಟ್ ಆಫ್ ಮಾಡುತ್ತದೆ.

ನಮ್ಮಲ್ಲಿ ಲೈಟು, ಫ್ಯಾನು ಆರಿಸುವುದಕ್ಕೂ ಪುಟ್ ಆಫ್ ಎನ್ನುವ ರೂಢಿಯಿದೆ. ಮನೆಯಲ್ಲಿ ನಡೆಯುತ್ತದೆ. ಬರವಣಿಗೆಯಲ್ಲಿ ‘ಸ್ವಿಚ್ ಆಫ್’ ಅಥವಾ ‘ಟರ್ನ್ ಆಫ್’ ಒಳ್ಳೆಯದು. ಬೆಂಕಿಗೆ ಮಾತ್ರ ‘ಪುಟ್ ಔಟ್’.

ಹಾಗೆಯೇ ‘ಪ್ರೀಪೋನ್’. ಇದು ಇಂಗ್ಲಿಷೇ ಅಲ್ಲ ಎಂದು ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪೋಸ್ಟ್‌ಪೋನ್ ಇರುವಾಗ ಅದರ ಎದುರುಪದ ಬೇಕಾಗಿತ್ತು, ಭಾರತದ ಇಂಗ್ಲಿಷ್ ಅದನ್ನು ಬೆಳೆಸಿತು, ಆಕ್ಸ್‌ಫರ್ಡ್ ನಿಘಂಟೂ ಜಾಗ ಕೊಟ್ಟಿದೆ. ದೇಶದೊಳಗಿನ ಪತ್ರಕ್ಕೆ ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಬರೆಯುವಾಗ ‘ಇನ್‌ಸ್ಟೆಡ್ ಆಫ್ ದ ಟ್ವೆಲ್ತ್, ಆನ್ ದ ಟೆಂತ್’ ಎಂದು ತಾರೀಕುಗಳನ್ನೇ ಬರೆದರೆ ಅವರು ನಿಘಂಟು ತೆಗೆಯಬೇಕಾಗುವುದಿಲ್ಲ.

ಇನ್ನು ಪತ್ರ ಬರೆಯಲು ಕೂರುವವರಿಗೆ. ಗೃಹಪ್ರವೇಶದ ದಿನ ಬದಲಾಗಿ ಹೊಸ ದಿನ ಗೊತ್ತಿದ್ದರೆ ‘ಪೋಸ್ಟ್‌ಪೋನ್ಡ್ ಟು’ ಎಂದು ಬರೆದು ತಾರೀಕು ಹಾಕಿ. ‘ಪೋಸ್ಟ್‌ಪೋನ್ಡ್ ಬೈ ಎ ವೀಕ್’ ಎಂದಷ್ಟೇ ಬರೆದರೆ ಹಳೆಯ ಆಮಂತ್ರಣ ಹುಡುಕಿ ಲೆಕ್ಕ ಹಾಕುವ ಕೆಲಸ ಅತಿಥಿಗಳ ಪಾಲಿಗೆ ಬೀಳುತ್ತದೆ. ಹೊಸ ದಿನ ಇನ್ನೂ ಗೊತ್ತಾಗದಿದ್ದರೆ ‘ಪೋಸ್ಟ್‌ಪೋನ್ಡ್’ ಎಂದಿಟ್ಟು ಹೊಸ ತಾರೀಕನ್ನು ಯಾವಾಗ ತಿಳಿಸುತ್ತೀರಿ ಎಂದು ಮುಂದಿನ ಸಾಲಿನಲ್ಲಿ ಹೇಳಿ. ಊರಿನಿಂದ ಬರುವವರು ರೈಲಿನ ಟಿಕೆಟ್ ಇಟ್ಟುಕೊಳ್ಳಬೇಕೋ, ರದ್ದು ಮಾಡಿಸಬೇಕೋ ನಿರ್ಧರಿಸುವುದು ಆ ಸಾಲನ್ನು ನೋಡಿಯೇ.